ಹೆಸರು ನೂರು, ಯೀಸ್ಟ್ ಎಷ್ಟು? ಕ್ರಾಫ್ಟ್ ಬಿಯರ್‌ನ ವೈವಿಧ್ಯವನ್ನು ಅಳೆಯುವ ಬಗೆ

2023ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಬ್ರೂವರಿ ತನ್ನ ಬಾಗಿಲು ಮುಚ್ಚುವುದಾಗಿ ಪ್ರಕಟಿಸಿತು. 1896ರಿಂದ ಆ ಹೆಸರು ಬಳಕೆಯಲ್ಲಿತ್ತು. ಅಮೆರಿಕದ ಕ್ರಾಫ್ಟ್ ಬಿಯರ್ ಚಳವಳಿಯ ಮೂಲವನ್ನು ಹುಡುಕಿ ಹೊರಟವರಲ್ಲಿ ಹೆಚ್ಚಿನವರು ಕೊನೆಗೆ ಬಂದು ನಿಲ್ಲುವುದು ಈ ಬ್ರೂವರಿಯ ಮುಂದೆಯೇ. ಮರುವರ್ಷದ ಆರಂಭದಲ್ಲಿ ಇಂಗ್ಲೆಂಡಿನ ಬರ್ಟನ್ ಊರಿನಿಂದ ಇನ್ನೊಂದು ಸುದ್ದಿ ಬಂತು: ಮಾರ್ಸ್ಟನ್ಸ್ ಬ್ರೂವರಿಯಲ್ಲಿ ಉಳಿದಿದ್ದ, ಮರದ ಪೀಪಾಯಿಗಳ ಸಾಲಿನಲ್ಲಿ ಬಿಯರ್ ಹುದುಗಿಸುವ ‘ಬರ್ಟನ್ ಯೂನಿಯನ್’ ವ್ಯವಸ್ಥೆಯನ್ನು ನಿಲ್ಲಿಸಲಾಗುತ್ತದೆ ಎಂದು. ಅದೇ 2024ರಲ್ಲಿ ಅಮೆರಿಕದಲ್ಲಿ ಹೊಸದಾಗಿ ತೆರೆದ ಕ್ರಾಫ್ಟ್ ಬ್ರೂವರಿಗಳಿಗಿಂತ ಮುಚ್ಚಿಹೋದವುಗಳ ಸಂಖ್ಯೆ ಹೆಚ್ಚಾಯಿತು. ಸುಮಾರು ಎರಡು ದಶಕಗಳಲ್ಲಿ ಹಾಗಾದದ್ದು ಅದೇ ಮೊದಲು.

ಓದುಗರಿಗೆ ಗೊಂದಲವಾಗುವುದು ಇಲ್ಲಿಯೇ. ಬ್ರೂವರಿಗಳು ಮುಚ್ಚುತ್ತಿದ್ದರೂ ಬಿಯರ್ ಶೈಲಿಗಳ ಪಟ್ಟಿ ಮಾತ್ರ ಬೆಳೆಯುತ್ತಲೇ ಇದೆ. ಬಿಯರ್ ತೀರ್ಪುಗಾರರಿಗೆ ತರಬೇತಿ ನೀಡುವ ಬಿಜೆಸಿಪಿ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿ 34 ವರ್ಗಗಳೂ ಅವುಗಳೊಳಗೆ ನೂರಕ್ಕೂ ಹೆಚ್ಚು ಶೈಲಿಗಳೂ ಇವೆ. ಒಂದು ಸಣ್ಣ ಬ್ರೂವರಿಯ ಫಲಕದಲ್ಲಿ ಹತ್ತು ಹನ್ನೆರಡು ಹೆಸರುಗಳಿರುವುದು ಈಗ ಸಾಮಾನ್ಯ. ಇಷ್ಟೊಂದು ವೈವಿಧ್ಯವಿರುವ ಉದ್ಯಮ ಸೊರಗುತ್ತಿರುವುದೇಕೆ? ಹೆಸರುಗಳ ಎಣಿಕೆಯನ್ನೇ ನಾವು ವೈವಿಧ್ಯದ ಅಳತೆಯೆಂದು ಭಾವಿಸಿರುವುದರಿಂದ ಈ ಪ್ರಶ್ನೆ ಒಗಟಿನಂತೆ ಕಾಣುತ್ತದೆ. ಬಿಯರ್‌ನ ನಿಜವಾದ ವೈವಿಧ್ಯ ಕುಳಿತಿರುವುದು ಯೀಸ್ಟ್‌ನಲ್ಲಿ, ಹಾಗೂ ಒಂದು ಟ್ಯಾಂಕನ್ನು ಎಷ್ಟು ದಿನ ಒಂದೇ ಬಿಯರ್‌ಗೆ ಬಿಟ್ಟುಕೊಡಲಾಗುತ್ತದೆ ಎಂಬುದರಲ್ಲಿ. ಆ ಎರಡನ್ನು ಹಿಡಿದುಕೊಂಡರೆ ಬ್ರೂವರಿಗಳನ್ನು ಹೋಲಿಸುವುದು ಸುಲಭವಾಗುತ್ತದೆ, ಮುಚ್ಚುವಿಕೆಯ ಸುದ್ದಿಯೂ ಅರ್ಥವಾಗುತ್ತದೆ.

‘ಕ್ರಾಫ್ಟ್’ ಎಂಬುದು ರುಚಿಯ ಹೆಸರಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ‘ಕ್ರಾಫ್ಟ್’ ಎಂಬ ಪದ ಬಿಯರ್‌ನ ರುಚಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಅಮೆರಿಕದ ಬ್ರೂವರ್ಸ್ ಅಸೋಸಿಯೇಶನ್ ಕೊಡುವ ವ್ಯಾಖ್ಯೆಯ ಪ್ರಕಾರ ವರ್ಷಕ್ಕೆ 60 ಲಕ್ಷ ಬ್ಯಾರೆಲ್ ಮೀರದ, ಅಂದರೆ ಸುಮಾರು 70 ಕೋಟಿ ಲೀಟರ್ ಒಳಗಿನ ಉತ್ಪಾದನೆ ಇರುವ, ಮತ್ತು ಕ್ರಾಫ್ಟ್ ಅಲ್ಲದ ಮದ್ಯ ಕಂಪನಿಯ ಪಾಲು ಶೇ. 25ಕ್ಕಿಂತ ಕಡಿಮೆ ಇರುವ ತಯಾರಕನೇ ಕ್ರಾಫ್ಟ್ ಬ್ರೂವರ್. ಈ ಮಿತಿ ಮೊದಲು 20 ಲಕ್ಷ ಬ್ಯಾರೆಲ್ ಇತ್ತು. ಸದಸ್ಯ ಬ್ರೂವರಿಗಳು ಬೆಳೆದಂತೆ ಮಿತಿಯೂ ಬೆಳೆಯಿತು. ಸಾಂಪ್ರದಾಯಿಕ ಪದಾರ್ಥಗಳನ್ನೇ ಬಳಸಬೇಕೆಂಬ ನಿಯಮ 2014ರಲ್ಲಿ ಸಡಿಲವಾಯಿತು, 2018ರ ಕೊನೆಗೆ ‘ಸಾಂಪ್ರದಾಯಿಕ’ ಎಂಬ ಷರತ್ತನ್ನೇ ಕೈಬಿಡಲಾಯಿತು. ಹಾಗಾಗಿ ಈಗ ಉಳಿದಿರುವುದು ಗಾತ್ರ ಮತ್ತು ಒಡೆತನ, ಇವೆರಡೇ.

ಇದರ ಪರಿಣಾಮ ವಿಚಿತ್ರವಾಗಿದೆ. ಬರ್ಬನ್ ವಿಸ್ಕಿಯ ಪೀಪಾಯಿಗಳಲ್ಲಿ ಸ್ಟೌಟ್ ಎಂಬ ಕಪ್ಪು ಬಿಯರ್ ಬಲಿಸುವ ಪದ್ಧತಿಗೆ ಹೆಸರಾದ ಶಿಕಾಗೋದ ಗೂಸ್ ಐಲ್ಯಾಂಡ್ ಬ್ರೂವರಿಯನ್ನು 2011ರಲ್ಲಿ ಬೃಹತ್ ಬಿಯರ್ ಕಂಪನಿಯೊಂದು ಕೊಂಡುಕೊಂಡಿತು. ಸಹಿ ಬಿದ್ದ ದಿನ ಪೀಪಾಯಿಯೊಳಗಿದ್ದ ಬಿಯರ್ ಹಿಂದಿನ ದಿನದ್ದೇ ಆಗಿದ್ದರೂ ವ್ಯಾಖ್ಯೆಯ ಲೆಕ್ಕದಲ್ಲಿ ಅದು ಕ್ರಾಫ್ಟ್ ಆಗಿ ಉಳಿಯಲಿಲ್ಲ. ಒಡೆತನವನ್ನು ಮುಖ್ಯವೆಂದು ಹಿಡಿಯುವವರ ವಾದಕ್ಕೆ ಆಧಾರವಿಲ್ಲದಿಲ್ಲ: ದೊಡ್ಡ ಕಂಪನಿಯ ಕೈಯಲ್ಲಿ ವಿತರಣಾ ಜಾಲವಿರುತ್ತದೆ, ಯಾವ ಬಿಯರ್ ಯಾವ ನಲ್ಲಿಗೆ ತಲುಪಬೇಕೆಂಬುದನ್ನು ಅದು ಪ್ರಭಾವಿಸಬಲ್ಲದು, ಹಾಗಾಗಿ ಸ್ವತಂತ್ರ ಬ್ರೂವರಿಯನ್ನು ಗುರುತಿಸಲು ಒಂದು ಮುದ್ರೆ ಬೇಕು. 2017ರಲ್ಲಿ ಬಂದ ಸ್ವತಂತ್ರ ಬ್ರೂವರಿಗಳ ಮುದ್ರೆಯ ಹಿಂದಿನ ಕಾರಣ ಇದೇ. ಆದರೆ ಆ ಮುದ್ರೆ ಮಾರುಕಟ್ಟೆಯ ಬಗ್ಗೆ ಮಾತನಾಡುತ್ತದೆ, ಲೋಟದೊಳಗಿನ ದ್ರವದ ಬಗ್ಗೆ ಅಲ್ಲ. ಎರಡನ್ನು ಬೆರೆಸಿದಾಗ ಹೋಲಿಕೆ ಆರಂಭದಲ್ಲೇ ದಾರಿ ತಪ್ಪುತ್ತದೆ.

ಶೈಲಿಗಳು ಹುಟ್ಟಿದ್ದು ಅನಿವಾರ್ಯತೆಯಿಂದ

ಇಂದು ಶೈಲಿ ಎಂದರೆ ತಯಾರಕನ ಆಯ್ಕೆ. ಮೂಲದಲ್ಲಿ ಹಾಗಿರಲಿಲ್ಲ, ಊರಿನ ನೀರು, ಮಾಲ್ಟ್ (ಮೊಳಕೆ ಬರಿಸಿದ ಧಾನ್ಯ) ಒಣಗಿಸುವ ಉರಿ ಮತ್ತು ಹವಾಮಾನ ಸೇರಿ ಅದನ್ನು ನಿರ್ಧರಿಸುತ್ತಿದ್ದವು. ಬರ್ಟನ್‌ನ ಬಾವಿ ನೀರಿನಲ್ಲಿ ಜಿಪ್ಸಮ್ ಹೇರಳವಾಗಿದ್ದುದರಿಂದ ಬಿಯರ್‌ಗೆ ಕಹಿಯನ್ನೂ ಘಮವನ್ನೂ ಕೊಡುವ ಹಾಪ್ಸ್ ಹೂವಿನ ಕಹಿ ಅಲ್ಲಿ ಚುರುಕಾಗಿ, ಸಿಹಿ ಉಳಿಯದಂತೆ ಬರುತ್ತಿತ್ತು, ಹೀಗಾಗಿ ತಿಳಿಬಣ್ಣದ ಪೇಲ್ ಏಲ್ ಅಲ್ಲಿ ಬೇರೂರಿತು. ಡಬ್ಲಿನ್‌ನ ನೀರಿನಲ್ಲಿ ಕಾರ್ಬೊನೇಟ್ ಹೆಚ್ಚು; ಕಪ್ಪಾಗಿ ಹುರಿದ ಮಾಲ್ಟ್‌ನ ಆಮ್ಲೀಯತೆ ಅದನ್ನು ಸರಿದೂಗಿಸುವುದರಿಂದ ಸ್ಟೌಟ್ ಅಲ್ಲಿಗೆ ಒಗ್ಗಿತು. ಡೇನಿಯಲ್ ವೀಲರ್ ಎಂಬಾತ 1817ರಲ್ಲಿ ಮಾಲ್ಟ್ ಹುರಿಯುವ ಉಪಕರಣಕ್ಕೆ ಪೇಟೆಂಟ್ ಪಡೆಯುವ ಮೊದಲು ನಾವಿಂದು ಕಾಣುವ ಅಚ್ಚ ಕಪ್ಪಿನ ಬಿಯರ್ ಸಾಧ್ಯವಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ತಿರುವು ಬಂದದ್ದು ಬೊಹೀಮಿಯಾದ ಪಿಲ್ಸೆನ್ ಊರಿನಲ್ಲಿ. ಅಲ್ಲಿನ ಮೃದು ನೀರು, ಇಂಗ್ಲಿಷ್ ಮಾದರಿಯ ಕುಲುಮೆಯಲ್ಲಿ ಒಣಗಿಸಿದ ತಿಳಿ ಮಾಲ್ಟ್, ನೆರೆಯ ಝಾಟೆಕ್ ಸೀಮೆಯ ಹಾಪ್ಸ್ ಮತ್ತು ತಣ್ಣನೆಯ ನೆಲಮಾಳಿಗೆ ಇವುಗಳಿಗೆ ಯೀಸ್ಟ್ ತಳಕ್ಕಿಳಿದು ತಣ್ಣಗೆ ಹುದುಗುವ ಬವೇರಿಯಾದ ಕೆಳಹುದುಗಿನ ವಿಧಾನವನ್ನು ಸೇರಿಸಿ ಯೋಸೆಫ್ ಗ್ರೋಲ್ 1842ರ ಅಕ್ಟೋಬರ್‌ನಲ್ಲಿ ಹೊನ್ನಿನ ಬಣ್ಣದ, ತಿಳಿಯಾದ ಲಾಗರ್ ತಯಾರಿಸಿದ. ನಂತರ ಕೃತಕ ಶೈತ್ಯೀಕರಣ ಬಂತು. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸುವುದನ್ನು ಸಾಧಿಸಿದ. ಈ ಎರಡು ಸಾಧನೆಗಳಿಂದ ಪಿಲ್ಸೆನ್‌ನ ಬಿಯರನ್ನು ಯಾವ ಊರಿನಲ್ಲಾದರೂ ಅನುಕರಿಸಬಹುದಾಯಿತು. ಇಪ್ಪತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಲೋಕದ ಬಹುಪಾಲು ಬಿಯರ್ ಒಂದೇ ರೂಪಕ್ಕೆ ಇಳಿದದ್ದರ ಹಿಂದೆ ಇದೇ ಸರಪಳಿಯಿದೆ. ಕ್ರಾಫ್ಟ್ ಚಳವಳಿ ಹುಟ್ಟಿದ್ದು ಆ ಏಕರೂಪತೆಗೆ ಉತ್ತರವಾಗಿ. ಶೈಲಿಗಳನ್ನು ಹೆಸರಿಟ್ಟು ವಿಂಗಡಿಸುವ ಅಭ್ಯಾಸವೂ 1970ರ ದಶಕದಿಂದೀಚೆಗೆ, ಮೈಕೆಲ್ ಜಾಕ್ಸನ್ ಎಂಬ ಇಂಗ್ಲಿಷ್ ಪತ್ರಕರ್ತನ ಬರಹಗಳ ಮೂಲಕ ವ್ಯಾಪಕವಾಯಿತು. ನೂರಾರು ವರ್ಷ ಹಳೆಯದೆಂದು ತೋರುವ ಶೈಲಿಪಟ್ಟಿಯ ವಯಸ್ಸು ವಾಸ್ತವದಲ್ಲಿ ಐವತ್ತರ ಆಸುಪಾಸು.

ಒಂದೇ ಕಷಾಯ, ಎರಡು ಟ್ಯಾಂಕ್

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ನೆನೆಸಿ ಬಸಿದರೆ ಸಿಹಿ ರಸ ಬರುತ್ತದೆ. ಅದನ್ನು ಹಾಪ್ಸ್ ಜೊತೆ ಕುದಿಸಿದ ಕಷಾಯಕ್ಕೆ ವೋರ್ಟ್ ಎಂದು ಹೆಸರು. ಈ ಹಂತದವರೆಗೆ ಅದು ಬಿಯರ್ ಅಲ್ಲ. ಗೋಧಿ ಮತ್ತು ಬಾರ್ಲಿ ಸಮಪಾಲಾಗಿ ಸೇರಿದ ಒಂದೇ ವೋರ್ಟನ್ನು ಎರಡು ಟ್ಯಾಂಕ್‌ಗಳಿಗೆ ಹಂಚಿದರೆಂದು ಭಾವಿಸೋಣ. ಮೊದಲನೆಯದಕ್ಕೆ ಅಮೆರಿಕನ್ ಏಲ್ ಯೀಸ್ಟ್, ಎರಡನೆಯದಕ್ಕೆ ಬವೇರಿಯಾದ ಗೋಧಿ ಬಿಯರ್ ಯೀಸ್ಟ್ ಹಾಕಿ, ಎರಡನ್ನೂ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹುದುಗಿಸಲಾಗುತ್ತದೆ. ವಾರದ ಬಳಿಕ ಮೊದಲ ಟ್ಯಾಂಕಿನ ಬಿಯರ್‌ನಲ್ಲಿ ಬ್ರೆಡ್ಡಿನಂಥ ಧಾನ್ಯದ ಘಮ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಎರಡನೆಯದರ ನೊರೆಯಿಂದಲೇ ಮಾಗಿದ ಬಾಳೆಹಣ್ಣು ಮತ್ತು ಲವಂಗದ ವಾಸನೆ ಎದ್ದು ಬರುತ್ತದೆ. ಬಾಳೆಹಣ್ಣಿನ ಘಮಕ್ಕೆ ಐಸೋಅಮೈಲ್ ಅಸಿಟೇಟ್, ಲವಂಗದ ಘಮಕ್ಕೆ ಫೋರ್-ವಿನೈಲ್ ಗ್ವಾಯಕಾಲ್ ಕಾರಣ. ಎರಡನ್ನೂ ಉತ್ಪಾದಿಸಿದ್ದು ಯೀಸ್ಟ್. ಬಾಳೆಯೂ ಇಲ್ಲ, ಲವಂಗವೂ ಇಲ್ಲ. ತಾಪಮಾನವನ್ನು ಎರಡು ಮೂರು ಡಿಗ್ರಿ ಏರಿಸಿದರೆ ಬಾಳೆಯ ಘಮ ಇನ್ನಷ್ಟು ಹೆಚ್ಚುತ್ತದೆ.

ಏಲ್ ಮತ್ತು ಲಾಗರ್ ನಡುವಿನ ಗೆರೆಯೂ ಇದೇ ಬಗೆಯದು. ಬಣ್ಣಕ್ಕೂ ಈ ಗೆರೆಗೂ ಸಂಬಂಧವಿಲ್ಲ. ಕಪ್ಪು ಲಾಗರ್ ಇದೆ, ಬಿಳಿಚಿದ ಏಲ್ ಇದೆ. ಏಲ್ ಯೀಸ್ಟ್ ಸಾಮಾನ್ಯವಾಗಿ 15ರಿಂದ 24 ಡಿಗ್ರಿಯಲ್ಲಿ ಬೇಗ ಹುದುಗುತ್ತದೆ. ಲಾಗರ್ ಯೀಸ್ಟ್ 7ರಿಂದ 13 ಡಿಗ್ರಿಯಲ್ಲಿ ನಿಧಾನವಾಗಿ ಹುದುಗಿ, ಆಮೇಲೆ ಸೊನ್ನೆಯ ಆಸುಪಾಸಿನಲ್ಲಿ ವಾರಗಟ್ಟಲೆ ಬಲಿಯುತ್ತದೆ. ಲಾಗರ್ ಯೀಸ್ಟ್ ಒಂದು ಮಿಶ್ರತಳಿ. ಅದರ ಒಬ್ಬ ಪೂರ್ವಜ ಏಲ್ ಯೀಸ್ಟ್ ಎಂಬುದು ಮೊದಲೇ ಗೊತ್ತಿತ್ತು. ಚಳಿ ತಡೆಯುವ ಗುಣ ಕೊಟ್ಟ ಇನ್ನೊಬ್ಬ ಪೂರ್ವಜನ ವನ್ಯ ರೂಪ 2011ರಲ್ಲಿ ಪ್ಯಾಟಗೋನಿಯಾದ ಕಾಡಿನಲ್ಲಿ ಸಿಕ್ಕಿದ್ದು ಈ ಕ್ಷೇತ್ರದ ಅತ್ಯಂತ ರೋಚಕ ಶೋಧಗಳಲ್ಲೊಂದು. ಮೇಲೆ ಹೇಳಿದ ಆ್ಯಂಕರ್ ಬ್ರೂವರಿಯ ಪ್ರಸಿದ್ಧ ‘ಸ್ಟೀಮ್ ಬಿಯರ್’ ಈ ಗೆರೆಯ ಮೇಲೆಯೇ ನಿಂತಿತ್ತು: ಲಾಗರ್ ಯೀಸ್ಟನ್ನು ಏಲ್‌ನ ಬೆಚ್ಚನೆಯ ತಾಪಮಾನದಲ್ಲಿ ಹುದುಗಿಸಿದ ಬಿಯರ್ ಅದು. ‘ಸ್ಟೀಮ್’ ಎಂಬುದು ಆ ಬ್ರೂವರಿಯ ಟ್ರೇಡ್‌ಮಾರ್ಕ್ ಆದ್ದರಿಂದ ಶೈಲಿಪಟ್ಟಿಗಳು ಅದನ್ನು ‘ಕ್ಯಾಲಿಫೋರ್ನಿಯಾ ಕಾಮನ್’ ಎಂದು ಕರೆಯಬೇಕಾಯಿತು. ಶೈಲಿಯ ಹೆಸರನ್ನು ರುಚಿಯ ಬದಲು ಕಾನೂನು ನಿರ್ಧರಿಸಿದ ಉದಾಹರಣೆಯಿದು.

ಈಗ ಎರಡು ಬ್ರೂವರಿಗಳನ್ನು ಹೋಲಿಸಿ. ಒಂದರ ಫಲಕದಲ್ಲಿ ಪೇಲ್ ಏಲ್, ಆಂಬರ್ ಏಲ್, ಐಪಿಎ (ಇಂಡಿಯಾ ಪೇಲ್ ಏಲ್), ಡಬಲ್ ಐಪಿಎ, ಪೋರ್ಟರ್, ಸ್ಟೌಟ್ ಎಂದು ಆರು ಹೆಸರುಗಳಿವೆ; ಆರಕ್ಕೂ ಒಂದೇ ಯೀಸ್ಟ್ ಸಾಕು. ಇನ್ನೊಂದರಲ್ಲಿ ಪಿಲ್ಸ್ನರ್, ಗೋಧಿ ಬಿಯರ್ ಮತ್ತು ಬೆಲ್ಜಿಯನ್ ಸೇಝಾನ್ ಎಂದು ಮೂರೇ ಇವೆ. ಮೂರಕ್ಕೂ ಬೇರೆ ಬೇರೆ ಯೀಸ್ಟ್, ಬೇರೆ ತಾಪಮಾನ, ಬೇರೆ ಅವಧಿ. ಹೆಸರೆಣಿಸಿದರೆ ಮೊದಲನೆಯದು ಮುಂದೆ. ಕೌಶಲ ಮತ್ತು ಹೊಣೆಯ ಲೆಕ್ಕದಲ್ಲಿ ಎರಡನೆಯದು ಬಹಳ ಮುಂದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಯೀಸ್ಟ್ ತಳಿಗಳನ್ನು ಜೀವಂತವಾಗಿ, ಒಂದಕ್ಕೊಂದು ಬೆರೆಯದಂತೆ ಕಾಪಾಡುವುದು ನಿತ್ಯದ ಕೆಲಸ. ಸೇಝಾನ್ ಯೀಸ್ಟ್‌ನ ಕೆಲವು ತಳಿಗಳು ಬೇರೆ ಯೀಸ್ಟ್ ಮುಟ್ಟದ ಸಕ್ಕರೆಗಳನ್ನೂ ತಿನ್ನುವುದರಿಂದ ಅದರ ಒಂದು ಹನಿ ಪೈಪಿನಲ್ಲಿ ಉಳಿದು ಬೇರೆ ಬಿಯರ್‌ಗೆ ಸೇರಿದರೂ ತುಂಬಿಟ್ಟ ಡಬ್ಬಿಯೊಳಗೆ ಹುದುಗು ಮುಂದುವರಿದು ಡಬ್ಬಿ ಉಬ್ಬಬಹುದು.

ಐಪಿಎ ಎಂಬ ಆಲದ ಮರ

ಹೊಸ ಹೆಸರುಗಳಲ್ಲಿ ದೊಡ್ಡ ಪಾಲು ಒಂದೇ ಬುಡದಿಂದ ಬಂದದ್ದು. ಹದಿನೆಂಟನೆಯ ಶತಮಾನದ ಕೊನೆಗೆ ಲಂಡನ್ನಿನ ಬೋ ಬ್ರೂವರಿಯಿಂದ ಭಾರತಕ್ಕೆ ಹೋಗುವ ಹಡಗುಗಳಿಗೆ ಹಾಪ್ಸ್ ಹೆಚ್ಚಿರುವ ತಿಳಿಬಣ್ಣದ ಬಿಯರ್ ಏರುತ್ತಿತ್ತು. 1820ರ ದಶಕದಲ್ಲಿ ಬರ್ಟನ್‌ನ ತಯಾರಕರು ಆ ವ್ಯಾಪಾರಕ್ಕೆ ಇಳಿದರು. ಸಮುದ್ರಯಾನ ತಾಳಿಕೊಳ್ಳಲೆಂದೇ ಒಬ್ಬ ವ್ಯಕ್ತಿ ಐಪಿಎಯನ್ನು ಕಂಡುಹಿಡಿದ ಎಂಬ ಜನಪ್ರಿಯ ಕಥೆಗೆ ಪುರಾವೆ ಇಲ್ಲ. ಇಂಗ್ಲೆಂಡಿನಲ್ಲಿ ಮೊದಲೇ ಬಳಕೆಯಲ್ಲಿದ್ದ ಬಿಯರ್ ಅದು, ಪ್ರಯಾಣದಲ್ಲಿ ಚೆನ್ನಾಗಿ ಬಲಿಯುತ್ತಿತ್ತು.

ಆ ಬುಡಕ್ಕೆ ಹೊಸ ಚಿಗುರು ಬಂದದ್ದು 1972ರಲ್ಲಿ ಬಿಡುಗಡೆಯಾದ ‘ಕ್ಯಾಸ್ಕೇಡ್’ ಎಂಬ ಅಮೆರಿಕದ ಹಾಪ್ಸ್ ತಳಿಯಿಂದ. ಅದರ ಚಕ್ಕೋತ-ಕಿತ್ತಳೆ ಬೆರೆತಂಥ ಘಮವನ್ನು ಆ್ಯಂಕರ್ 1975ರಲ್ಲಿ, ಸಿಯೆರಾ ನೆವಾಡಾ 1980ರ ದಶಕದ ಆರಂಭದಲ್ಲಿ ಮುಂದಿಟ್ಟವು. ಹಾಪ್ಸನ್ನು ಒಂದು ಗಂಟೆ ಕುದಿಸಿದರೆ ಅದರ ಆಲ್ಫಾ ಆಮ್ಲಗಳು ರೂಪ ಬದಲಿಸಿ ಕಹಿ ಕೊಡುತ್ತವೆ, ಆದರೆ ಘಮದ ಎಣ್ಣೆಗಳು ಆವಿಯಾಗುತ್ತವೆ. ಕುದಿ ಮುಗಿದ ಮೇಲೆ ಅಥವಾ ಹುದುಗುವಾಗ ಹಾಕಿದರೆ ಘಮ ಉಳಿಯುತ್ತದೆ, ಕಹಿ ಅಷ್ಟಾಗಿ ಬರುವುದಿಲ್ಲ. ವೆಸ್ಟ್ ಕೋಸ್ಟ್ ಐಪಿಎ ಮೊದಲನೆಯದಕ್ಕೆ ಒತ್ತು ಕೊಟ್ಟರೆ, ವರ್ಮಾಂಟ್ ಸೀಮೆಯಲ್ಲಿ ರೂಪುಗೊಂಡ ಹೇಝಿ ಐಪಿಎ ಎರಡನೆಯದನ್ನು ತುದಿ ಮುಟ್ಟಿಸಿತು: ಓಟ್ಸ್ ಮತ್ತು ಗೋಧಿಯಿಂದ ದಪ್ಪ ಮೈ, ಸಲ್ಫೇಟ್‌ಗಿಂತ ಕ್ಲೋರೈಡ್ ಹೆಚ್ಚಿರುವ ನೀರು, ಹಣ್ಣಿನ ರಸದಂಥ ಮಬ್ಬು. 2018ರಲ್ಲಿ ಬ್ರೂವರ್ಸ್ ಅಸೋಸಿಯೇಶನ್ ಅದಕ್ಕೆ ಪಟ್ಟಿಯಲ್ಲಿ ಸ್ಥಾನ ಕೊಟ್ಟಿತು. ಬ್ಲ್ಯಾಕ್ ಐಪಿಎ, ವೈಟ್ ಐಪಿಎ, ಕೋಲ್ಡ್ ಐಪಿಎ ಮುಂತಾದ ಕವಲುಗಳೂ ಬಂದವು. ಕಿಣ್ವ ಬಳಸಿ ಸಕ್ಕರೆಯನ್ನೆಲ್ಲ ಕರಗಿಸಿದ, ಶಾಂಪೇನ್‌ನಂತೆ ಸಿಹಿಯಿಲ್ಲದ ಬ್ರೂಟ್ ಐಪಿಎ ಸುಮಾರು 2017ರಲ್ಲಿ ಹುಟ್ಟಿ, ಒಂದೆರಡು ವರ್ಷ ಮೆರೆದು, ಹೆಚ್ಚಿನ ಕಡೆ ಕಾಣೆಯಾಯಿತು.

ಟ್ಯಾಂಕಿನ ಲೆಕ್ಕ

ಕವಲುಗಳೆಲ್ಲ ಒಂದೇ ಮರದಲ್ಲಿ ಏಕೆ? ಗ್ರಾಹಕರ ರುಚಿ ಒಂದು ಕಾರಣ. ಅದಕ್ಕಿಂತ ಗಟ್ಟಿಯಾದ ಕಾರಣ ಟ್ಯಾಂಕ್. ಸಣ್ಣ ಬ್ರೂವರಿಯ ದೊಡ್ಡ ಬಂಡವಾಳವೆಂದರೆ ಸಾಲ ಮಾಡಿ ತಂದ ಸ್ಟೀಲ್ ಟ್ಯಾಂಕ್‌ಗಳು. ಸಾವಿರ ಲೀಟರಿನ ಒಂದು ಟ್ಯಾಂಕಿನಲ್ಲಿ ಎರಡು ವಾರಕ್ಕೊಂದು ಏಲ್ ಮುಗಿದರೆ ವರ್ಷಕ್ಕೆ 26 ಸಲ ತುಂಬಬಹುದು: 26,000 ಲೀಟರ್. ಅದೇ ಟ್ಯಾಂಕಿನಲ್ಲಿ ಆರು ವಾರ ಬೇಡುವ ಲಾಗರ್ ಮಾಡಿದರೆ ಎಂಟು ಸಲ: 8,000 ಲೀಟರ್. ಸಾಲದ ಕಂತು ಎರಡಕ್ಕೂ ಒಂದೇ. ಲಾಗರ್ ಬಗ್ಗೆ ಎಷ್ಟೇ ಪ್ರೀತಿಯಿರುವ ತಯಾರಕನೂ ಈ ವ್ಯತ್ಯಾಸದ ಎದುರು ಏಲ್‌ನತ್ತ ವಾಲುತ್ತಾನೆ. ಫಲಕದಲ್ಲಿ ಹೊಸತನ ತೋರಲು ಹಾಪ್ಸ್ ಬದಲಿಸಿ ಹೊಸ ಹೆಸರಿಡುತ್ತಾನೆ.

ಹುಳಿ ಬಿಯರ್‌ನಲ್ಲಿ ಇದು ಇನ್ನೂ ಸ್ಪಷ್ಟ. ಬ್ರಸೆಲ್ಸ್ ಸುತ್ತಲಿನ ಲ್ಯಾಂಬಿಕ್ ತಯಾರಿಯಲ್ಲಿ ಚಳಿಗಾಲದ ರಾತ್ರಿ ವೋರ್ಟನ್ನು ಆಳವಿಲ್ಲದ ಅಗಲ ತೊಟ್ಟಿಯಲ್ಲಿ ತೆರೆದಿಟ್ಟು, ಗಾಳಿಯಲ್ಲಿನ ಮತ್ತು ಮರದಲ್ಲಿನ ಸೂಕ್ಷ್ಮಜೀವಿಗಳಿಂದಲೇ ಹುದುಗಲು ಬಿಡುತ್ತಾರೆ. ಅದು ಓಕ್ ಪೀಪಾಯಿಯಲ್ಲಿ ಒಂದರಿಂದ ಮೂರು ವರ್ಷ ಇರುತ್ತದೆ. ಬೇರೆ ಬೇರೆ ವಯಸ್ಸಿನವನ್ನು ಬೆರೆಸಿದರೆ ಗೂಜ್ ಆಗುತ್ತದೆ. ಇತ್ತ ‘ಕೆಟಲ್ ಸಾರ್’ (ಇಂಗ್ಲಿಷಿನ ಸಾರ್ ಎಂದರೆ ಹುಳಿ) ವಿಧಾನದಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಸೇರಿಸಿ ಒಂದೆರಡು ದಿನದಲ್ಲಿ ವೋರ್ಟನ್ನು ಹುಳಿ ಬರಿಸಿ, ಕುದಿಸಿ, ಸಾಮಾನ್ಯ ಏಲ್‌ನಂತೆ ಮುಗಿಸಬಹುದು. ಫಲಕದಲ್ಲಿ ಎರಡಕ್ಕೂ ‘ಸಾರ್’ ಎಂಬ ಒಂದೇ ಪದ. ಮೂರು ವರ್ಷ ಮತ್ತು ಮೂರು ವಾರಗಳ ಅಂತರವನ್ನು ಆ ಪದ ಮುಚ್ಚಿಬಿಡುತ್ತದೆ. ಕೆಟಲ್ ಸಾರ್ ಕೀಳೆಂದು ಇದರರ್ಥವಲ್ಲ, ಅದರ ಚುರುಕು ಹುಳಿಗೆ ಅದರದೇ ಚೆಂದವಿದೆ. ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯಬಾರದು, ಅಷ್ಟೇ.

ಎರಡು ವಾದಗಳು

ಶೈಲಿಯ ಗಡಿಗಳು ಕಟ್ಟುನಿಟ್ಟಾಗಿರಬೇಕೆಂದು ಒಂದು ಪಕ್ಷ ಹೇಳುತ್ತದೆ. ಕಲೋನ್ ನಗರದ ತಯಾರಕರು 1986ರಲ್ಲಿ ಒಪ್ಪಂದ ಮಾಡಿಕೊಂಡು ಕ್ಯೋಲ್ಶ್ ಬಿಯರ್‌ಗೆ ಗಡಿ ಹಾಕಿದರು, 1997ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ರಕ್ಷಣೆಯೂ ದೊರೆಯಿತು. 1971ರಲ್ಲಿ ಹುಟ್ಟಿದ ಬ್ರಿಟನ್ನಿನ ಕ್ಯಾಮ್ರಾ ಸಂಘಟನೆ, ಬಡಿಸುವ ಪೀಪಾಯಿ ಅಥವಾ ಬಾಟಲಿಯಲ್ಲೇ ಎರಡನೆಯ ಸಲ ಹುದುಗುವುದನ್ನು ಮಾತ್ರ ‘ರಿಯಲ್ ಏಲ್’ ಎನ್ನುತ್ತದೆ. ಕೆಗ್ ಎಂಬ ಮುಚ್ಚಿದ ಲೋಹದ ಪೀಪಾಯಿಯ ಬಿಯರನ್ನು ಸಾಂಪ್ರದಾಯಿಕ ಕೈಪಂಪಿನಿಂದ ಬಡಿಸಿ ‘ಫ್ರೆಶ್ ಏಲ್’ ಎಂದು ಮಾರುವ ಯೋಜನೆ 2024ರಲ್ಲಿ ಬಂದಾಗ ಅದು ಗ್ರಾಹಕರನ್ನು ದಾರಿ ತಪ್ಪಿಸುತ್ತದೆಂದು ಕ್ಯಾಮ್ರಾ ತೀವ್ರವಾಗಿ ವಿರೋಧಿಸಿತು. ಹೆಸರು ಸಡಿಲವಾದರೆ ಮೊದಲು ಮರೆಯಾಗುವುದು ಹೆಚ್ಚು ಶ್ರಮ ಬೇಡುವ ವಿಧಾನ ಎಂಬುದು ಈ ಪಕ್ಷದ ಆತಂಕ.

ಇನ್ನೊಂದು ಪಕ್ಷದ ಪ್ರಕಾರ ಪಟ್ಟಿಗಳು ಸೃಜನಶೀಲತೆಗೆ ಬೇಲಿ. ಪಟ್ಟಿಯನ್ನು ಅಕ್ಷರಶಃ ಪಾಲಿಸಿದ್ದರೆ ಹೇಝಿ ಐಪಿಎ ‘ಮಬ್ಬಾಗಿರುವ ದೋಷಯುಕ್ತ ಐಪಿಎ’ ಎಂದು ತಿರಸ್ಕೃತವಾಗುತ್ತಿತ್ತು ಎಂದು ಅವರು ಹೇಳುವುದರಲ್ಲಿ ಸತ್ಯವಿದೆ. ಈ ವಾದಗಳು ಪರಸ್ಪರ ಎದುರಾಗುವಷ್ಟು ದೂರದಲ್ಲಿಲ್ಲ. ವಿಧಾನವನ್ನು ಸೂಚಿಸುವ ಹೆಸರುಗಳಿಗೆ ರಕ್ಷಣೆ ಬೇಕು, ರುಚಿಯನ್ನು ಸೂಚಿಸುವ ಹೆಸರುಗಳಿಗೆ ಸಡಿಲಿಕೆ ಬೇಕು. ಲ್ಯಾಂಬಿಕ್ ಮೊದಲನೆಯ ಗುಂಪಿಗೆ, ಐಪಿಎ ಎರಡನೆಯದಕ್ಕೆ ಸೇರುತ್ತದೆ.

ಹೋಲಿಸುವಾಗ ನೋಡಬೇಕಾದದ್ದು

ತರಬೇತಾದ ತೀರ್ಪುಗಾರರು ಬಿಯರ್‌ಗೆ ಕೊಡುವ 50 ಅಂಕಗಳಲ್ಲಿ ರುಚಿಗೆ 20, ಘಮಕ್ಕೆ 12, ಒಟ್ಟಾರೆ ಅನುಭವಕ್ಕೆ 10, ಬಾಯಿಯಲ್ಲಿನ ಸ್ಪರ್ಶಕ್ಕೆ 5. ಕಣ್ಣಿಗೆ ಕಾಣುವ ರೂಪಕ್ಕೆ ಕೇವಲ 3. ತಯಾರಕರು ಯಾರೆಂದು ಅವರಿಗೆ ತಿಳಿಸುವುದಿಲ್ಲ. ಪ್ರತಿ ಬಿಯರನ್ನೂ ಅದರದೇ ಶೈಲಿಯ ವರ್ಣನೆಯೊಂದಿಗೆ ಹೋಲಿಸುತ್ತಾರೆ. ಸಾಮಾನ್ಯ ಗ್ರಾಹಕರ ಆನ್‌ಲೈನ್ ರೇಟಿಂಗ್‌ಗಳಲ್ಲಿ ಹೀಗಾಗುವುದಿಲ್ಲ, ಶೇ. 12 ಆಲ್ಕೋಹಾಲ್ ಇರುವ ಇಂಪೀರಿಯಲ್ ಸ್ಟೌಟ್ ಮೇಲೇರುತ್ತದೆ, ಅಚ್ಚುಕಟ್ಟಾದ ಪಿಲ್ಸ್ನರ್ ಕೆಳಗುಳಿಯುತ್ತದೆ. ಪಿಲ್ಸ್ನರ್‌ನಲ್ಲಿ ದೋಷವನ್ನು ಮರೆಮಾಚಲು ಹುರಿದ ಮಾಲ್ಟ್ ಇಲ್ಲ, ಹಾಪ್ಸ್‌ನ ರಾಶಿಯೂ ಇಲ್ಲ. ಬೆಣ್ಣೆಯಂಥ ಡೈಅಸಿಟೈಲ್‌ನ ಸುಳಿವಿದ್ದರೂ ತಕ್ಷಣ ಗೊತ್ತಾಗುತ್ತದೆ. ಬ್ರೂವರಿಯೊಂದರ ಕೈಗುಣ ತಿಳಿಯಬೇಕಿದ್ದರೆ ಅದರ ಅತ್ಯಂತ ಸರಳ ಬಿಯರಿನಿಂದ ಆರಂಭಿಸುವುದೇ ಸರಿ.

ಕಹಿಯ ಅಂಕಿಯಾದ ಐಬಿಯು ಕೂಡ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಮಾಲ್ಟ್‌ನ ಸಿಹಿ ಹೆಚ್ಚಿರುವ ಸ್ಟೌಟ್‌ನಲ್ಲಿ 60 ಐಬಿಯು ಮೆತ್ತಗೆನಿಸಿದರೆ, ಸಿಹಿಯಿಲ್ಲದ ಪೇಲ್ ಏಲ್‌ನಲ್ಲಿ 40 ಚುಚ್ಚುವಂತಿರುತ್ತದೆ. ತಾಜಾತನ ಅದಕ್ಕಿಂತ ಮುಖ್ಯ. ಹೇಝಿ ಐಪಿಎಗೆ ಆಮ್ಲಜನಕ ತಗುಲಿದರೆ ಕೆಲವೇ ವಾರಗಳಲ್ಲಿ ಅದರ ಹಳದಿ ಬಣ್ಣ ಮಾಸಿ ಕಂದಾಗುತ್ತದೆ, ಹಣ್ಣಿನ ಘಮ ಒದ್ದೆ ರಟ್ಟಿನ ವಾಸನೆಗೆ ತಿರುಗುತ್ತದೆ. ಗೂಜ್ ಅಥವಾ ಬಾರ್ಲಿ ವೈನ್ ಎಂಬ ಗಡುಸು ಬಿಯರ್ ವರ್ಷಗಟ್ಟಲೆ ಬಾಳುತ್ತದೆ. ಆದ್ದರಿಂದ ಮೂರು ತಿಂಗಳ ಹಳೆಯ ಡಬ್ಬಿಯನ್ನೂ ಟ್ಯಾಂಕಿನಿಂದ ನೇರ ಬಂದ ಲೋಟವನ್ನೂ ಪಕ್ಕದಲ್ಲಿಟ್ಟು ಬ್ರೂವರಿಗಳ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ.

ಮುಂದಾಗಬಹುದಾದದ್ದು

ಬೇಡಿಕೆ ಇಳಿದು ಸಾಲದ ಹೊರೆ ಏರಿದಾಗ ಟ್ಯಾಂಕಿನ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಇದರ ಮೊದಲ ಪರಿಣಾಮವಾಗಿ ವೇಗದ ವಿಧಾನಗಳು ಹೆಚ್ಚುತ್ತವೆ. ನಾರ್ವೆಯ ಹಳ್ಳಿಮನೆಗಳಲ್ಲಿ ತಲೆಮಾರುಗಳಿಂದ ಉಳಿದುಬಂದ ‘ಕ್ವೈಕ್’ ಯೀಸ್ಟ್ 30 ಡಿಗ್ರಿ ಮೀರಿದ ಬಿಸಿಯಲ್ಲೂ ಕೆಲವೇ ದಿನಗಳಲ್ಲಿ ಶುಚಿಯಾಗಿ ಹುದುಗುತ್ತದೆ. ಅದನ್ನು ಬಳಸಿ ಲಾಗರಿನಂಥ ಬಿಯರ್ ತಯಾರಿಸುವವರು ಈಗಾಗಲೇ ಇದ್ದಾರೆ. ಎರಡನೆಯ ಪರಿಣಾಮ ಇದಕ್ಕೆ ವಿರುದ್ಧ ದಿಕ್ಕಿನದು. ಹೇಝಿ ಐಪಿಎಗೆ ಬೇಕಾಗುವ ಹಾಪ್ಸ್‌ನ ಪ್ರಮಾಣ ಭಾರಿ, ಅದರ ಆಯುಸ್ಸು ಅಲ್ಪ. ಮಾರಾಟ ನಿಧಾನವಾದಾಗ ಟ್ಯಾಂಕ್ ಹೇಗೂ ಖಾಲಿ ಇರುತ್ತದೆ, ಆಗ ಕಡಿಮೆ ಹಾಪ್ಸ್ ಬೇಡುವ, ಹೆಚ್ಚು ದಿನ ಬಾಳುವ ಲಾಗರ್ ಮಾಡುವುದು ನಷ್ಟದ ಬಾಬತ್ತಾಗಿ ಉಳಿಯುವುದಿಲ್ಲ. ಸಣ್ಣ ಬ್ರೂವರಿಗಳ ಫಲಕಗಳಲ್ಲಿ ಪಿಲ್ಸ್ನರ್ ಮತ್ತೆ ಕಾಣಿಸಿಕೊಳ್ಳುತ್ತಿರುವುದರ ಹಿಂದೆ ರುಚಿಯ ಜೊತೆಗೆ ಈ ಲೆಕ್ಕವೂ ಇದೆ. ಒಟ್ಟಿನಲ್ಲಿ ಹೆಸರುಗಳು ಕಡಿಮೆಯಾಗಿ ಯೀಸ್ಟ್ ತಳಿಗಳು ಹೆಚ್ಚಾಗುವ ಸಾಧ್ಯತೆಯಿದೆ, ಅದು ನಷ್ಟವಲ್ಲ.

ಮರಳಿ ಬಾರದ ನಷ್ಟವಾಗುವುದು ಉಪಕರಣ ಮತ್ತು ಅದನ್ನು ನಡೆಸುವ ಕೈಗಳು ಹೋದಾಗ. 1838ರಲ್ಲಿ ಪೇಟೆಂಟ್ ಆದ ಬರ್ಟನ್ ಯೂನಿಯನ್‌ನಲ್ಲಿ ಹುದುಗುವ ಬಿಯರ್ ಪೀಪಾಯಿಯಿಂದ ಹಂಸದ ಕೊರಳಿನಂಥ ಕೊಳವೆಯ ಮೂಲಕ ಮೇಲಿನ ತೊಟ್ಟಿಗೆ ಉಕ್ಕುತ್ತದೆ, ಯೀಸ್ಟ್ ಅಲ್ಲಿ ನಿಲ್ಲುತ್ತದೆ, ತಿಳಿಯಾದ ಬಿಯರ್ ಇಳಿದು ಪೀಪಾಯಿಗೆ ಮರಳುತ್ತದೆ. ಪೀಪಾಯಿಗಳನ್ನು ಒಪ್ಪಗೊಳಿಸಲು ಮರಗೆಲಸ ಬಲ್ಲವರು ಸದಾ ಬೇಕು. 2024ರಲ್ಲಿ ಆ ವ್ಯವಸ್ಥೆ ನಿಂತ ಕೆಲವೇ ತಿಂಗಳಲ್ಲಿ ಡರ್ಬಿಶೈರ್‌ನ ಥಾರ್ನ್‌ಬ್ರಿಜ್ ಎಂಬ ಸ್ವತಂತ್ರ ಬ್ರೂವರಿ, ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರೂವರಿಯ ಗ್ಯಾರೆಟ್ ಆಲಿವರ್ ಅವರ ನೆರವಿನಿಂದ, ಒಂದು ಸೆಟ್ಟನ್ನು ಉಳಿಸಿ ತನ್ನಲ್ಲಿಗೆ ಸಾಗಿಸಿ ಮತ್ತೆ ಹುದುಗು ಹಾಕಿತು. ಅದರಲ್ಲಿ ತಯಾರಾಗುವ ಪೇಲ್ ಏಲ್‌ಗೆ ಶೈಲಿಗಳ ಪಟ್ಟಿಯಲ್ಲಿ ಪ್ರತ್ಯೇಕ ಹೆಸರಿಲ್ಲ.